ನಾಲ್ಕು ಪುಸ್ತಕಗಳಲ್ಲಿ ಇಲ್ಲದ ಹೆಸರು

"ಗುರುಗಳೇ, ಇವರು ನಿಜವಾಗಿ ಬಲ್ಲವರು ಎಂದು ತೀರ್ಮಾನಿಸುವುದು ಹೇಗೆ?" ಎಂದು ವಿರೂಪಾಕ್ಷ ಕೇಳಿದ.

ವಿರೂಪಾಕ್ಷ ಎಲುಬು ಕಟ್ಟುವ ವಿದ್ಯೆ ಕಲಿಯಲು ಬಂದವನು. ಬಿಡುವಿನಲ್ಲಿ ಅಂತರ್ಜಾಲದ ವಿಶ್ವಕೋಶಕ್ಕೂ ದುಡಿಯುತ್ತಿದ್ದ. ಗಿಡಮೂಲಿಕೆ ಬಲ್ಲ ಒಬ್ಬ ಅಜ್ಜಿಯ ಬಗ್ಗೆ ಯಾರೋ ಅಲ್ಲಿ ಒಂದು ಪುಟ ಬರೆದಿದ್ದರು. ಅದನ್ನು ಉಳಿಸಬೇಕೋ ಅಳಿಸಬೇಕೋ ಎಂದು ಅವನು ಅಂದೇ ಹೇಳಬೇಕಿತ್ತು. ಆಕೆಯ ಮನೆಯವರಲ್ಲದ ಯಾರಾದರೂ ಆಕೆಯ ಬಗ್ಗೆ ಅಚ್ಚಿನಲ್ಲಿ ಬರೆದಿರಬೇಕು ಎಂಬುದು ಅಲ್ಲಿನ ನಿಯಮ. ಎಷ್ಟು ಹುಡುಕಿದರೂ ಒಂದು ಸಾಲೂ ಸಿಕ್ಕಿರಲಿಲ್ಲ.

ಗುರುಗಳು ಅರೆಯುತ್ತಿದ್ದ ಸೊಪ್ಪನ್ನು ಬದಿಗಿಟ್ಟು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಧಿಕಾರಿ ಇದ್ದ. ಯಾವ ವಿದ್ಯೆಗೆ ಯಾರು ದೊಡ್ಡವರು ಎಂಬುದು ಜನರಿಗೆ ತಿಳಿಯಲಿ ಎಂದು ಒಂದು ಪುಸ್ತಕ ಮಾಡಲು ಹೊರಟ. ಅವನು ಲಂಚ ಮುಟ್ಟುವವನಲ್ಲ, ನೆಂಟಸ್ತಿಕೆ ನೋಡುವವನಲ್ಲ. ಅವನು ಕೆಟ್ಟವನಾಗಿದ್ದರೆ ಈ ಕತೆ ಹೇಳುವುದು ಸುಲಭವಾಗುತ್ತಿತ್ತು. ನಿಮ್ಮ ಬಗ್ಗೆ ನೀವೇ ಹೇಳಿಕೊಳ್ಳುವುದು ಬೇಡ, ಬೇರೆಯವರು ಹೆಸರು ಹಿಡಿದು ಬರೆದದ್ದಿದ್ದರೆ ತನ್ನಿ ಎಂದ. ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳುವವರಿಗೆ ಯಾವ ಊರಿನಲ್ಲಿ ಬರ? ನಿಯಮದಲ್ಲಿ ತಪ್ಪಿರಲಿಲ್ಲ.

ಆ ಊರಿನಲ್ಲಿ ಎಲುಬು ಕಟ್ಟುವ ಒಬ್ಬ ವೃದ್ಧರಿದ್ದರು. ಕಣ್ಣು ಮುಚ್ಚಿ ಕೈ ಸವರಿ, ಎಲ್ಲಿ ಬಿರುಕು, ಎಲ್ಲಿ ತುಂಡು ಎಂದು ಹೇಳುತ್ತಿದ್ದರು. ಅವರ ನಾಲ್ವರು ಶಿಷ್ಯರೂ ಒಂದೊಂದು ಪುಸ್ತಕ ಬರೆದಿದ್ದರು. ಅಧಿಕಾರಿ ನಾಲ್ಕನ್ನೂ ಮೊದಲಿನಿಂದ ಕೊನೆಯವರೆಗೆ ಓದಿದ. 'ನಮ್ಮ ಗುರುಗಳು ಹೀಗೆ ಕಟ್ಟುತ್ತಿದ್ದರು' ಎಂದು ಪುಟಪುಟದಲ್ಲೂ ಇತ್ತು. ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಗುರುವಿನ ಹೆಸರನ್ನು ಶಿಷ್ಯ ಹೇಳಿದರೂ ಬರೆದರೂ ಗುರುವಿನ ಆಯುಸ್ಸು ಕಡಿಮೆಯಾಗುತ್ತದೆ ಎಂಬುದು ಅವರ ಕಟ್ಟಳೆ.

ಅಧಿಕಾರಿ ವೃದ್ಧರ ಮನೆಗೇ ಹೋಗಿ, ನಿಮ್ಮ ಹೆಸರು ಎಲ್ಲಾದರೂ ಬರೆದಿದೆಯೇ ಎಂದು ವಿಚಾರಿಸಿದ.

"ಇಲ್ಲ ಸ್ವಾಮಿ. ನನ್ನ ಶಿಷ್ಯರು ಅಷ್ಟು ಮರ್ಯಾದೆಗೆಟ್ಟವರಲ್ಲ" ಎಂದರು ವೃದ್ಧರು. ಹೆಮ್ಮೆಯಿಂದಲೇ ಹೇಳಿದರು.

ಆದರೂ ಅಧಿಕಾರಿಗೆ ಅವರನ್ನು ಬಿಡಲು ಮನಸ್ಸಾಗಲಿಲ್ಲ. ನಾಲ್ಕನೆಯ ಪುಸ್ತಕ ಬರೆದ ಶಿಷ್ಯ ಊರಲ್ಲೇ ಇದ್ದ. ಅವನನ್ನು ಕರೆಸಿ, ನಿಮ್ಮ ಗುರುಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿ, ನನಗೆ ಅಷ್ಟೇ ಸಾಕು ಎಂದ. ಶಿಷ್ಯ ಲೇಖನಿ ಹಿಡಿದ. ಬಹಳ ಹೊತ್ತು ಹಿಡಿದುಕೊಂಡೇ ಇದ್ದ. ಆಮೇಲೆ ಅದನ್ನು ಕೆಳಗಿಟ್ಟು ಕೈಮುಗಿದ.

ಅಧಿಕಾರಿಯ ಪುಸ್ತಕ ಹೊರಬಂತು. ಅದರಲ್ಲಿ ಎಲುಬಿನ ವಿದ್ಯೆಗೆ, ಯಾರೋ ಹೆಸರು ಹಿಡಿದು ಬರೆದಿದ್ದ ಬೇರೊಬ್ಬ ವೈದ್ಯನ ಹೆಸರಿತ್ತು. ಅವನೂ ಮೋಸಗಾರನಲ್ಲ. ಉಳುಕು ತೆಗೆಯುವುದರಲ್ಲಿ ಪಳಗಿದ ಕೈ. ಎಲುಬಿನ ವಿದ್ಯೆ ಅವನಿಗೆ ಅಷ್ಟಾಗಿ ಒಲಿದಿರಲಿಲ್ಲ.

ಪಕ್ಕದ ಊರಿನ ಒಬ್ಬ ನೇಕಾರ ಹೆಂಗಸು ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಪುಸ್ತಕ ನೋಡಿಕೊಂಡು ಈ ಊರಿಗೆ ಬಂದಳು. ಆ ವೈದ್ಯನ ಮನೆ ಎಲ್ಲಿ ಎಂದು ಜಗಲಿಯ ಮೇಲೆ ಕೂತಿದ್ದ ವೃದ್ಧರನ್ನೇ ಕೇಳಿದಳು. ಅವರು ಅವಳ ಕೈಯನ್ನು ನೋಡಿದರು. ರೋಗಿಯನ್ನು ತಾನಾಗಿ ಕರೆಯಬಾರದು ಎಂಬುದೂ ಅವರ ಕಟ್ಟಳೆಯೇ. ದಾರಿ ತೋರಿಸಿದರು. ಅವಳ ಕೈ ಸೊಟ್ಟಗೆ ಕೂಡಿತು. ಮಗ್ಗದಲ್ಲಿ ಲಾಳಿ ಓಡಿಸುವ ಕೈ ಅದು. ಅವಳು ಮತ್ತೆ ಮಗ್ಗಕ್ಕೆ ಕೂರಲಿಲ್ಲ.

ಮರುವರ್ಷ ವೃದ್ಧರು ತೀರಿಕೊಂಡರು. ಹೆಸರು ಹೇಳದೆ ಶಿಷ್ಯರು ಉಳಿಸಿಕೊಟ್ಟ ಆಯುಸ್ಸು ಅಷ್ಟೇ.

ಗುರುಗಳು ಕತೆ ನಿಲ್ಲಿಸಿದರು. ಅಜ್ಜಿಯ ಪುಟವನ್ನು ಅಳಿಸುವುದಿಲ್ಲ, ನಾಳೆಯೇ ಆಕೆಯ ಊರಿಗೆ ಹೋಗಿ ಆಕೆಯಿಂದ ಕಲಿತವರು ಏನಾದರೂ ಬರೆದಿದ್ದಾರೆಯೇ ಎಂದು ಹುಡುಕುತ್ತೇನೆ ಎಂದ ವಿರೂಪಾಕ್ಷ. ಅಷ್ಟಕ್ಕೆ ಸಮಾಧಾನವಾಗದೆ ಮೊಬೈಲನ್ನು ಕೈಗೆತ್ತಿಕೊಂಡ.

"ಆ ವೃದ್ಧರಿಗೂ ಒಂದು ಪುಟ ಇರಲಿ ಗುರುಗಳೇ. ಅವರ ಹೆಸರೇನು?"

"ಲೇಖನಿ ಕೆಳಗಿಟ್ಟವನನ್ನೇ ಕೇಳುತ್ತಿದ್ದೀಯಪ್ಪಾ, ಇವತ್ತಿಗೂ ಅದು ನನ್ನ ಬಾಯಿಗೆ ಬರುತ್ತಿಲ್ಲ" ಎಂದರು ಗುರುಗಳು.