ಅನ್ಯ ಕಾರ್ಯ ನಿಮಿತ್ತ

ಅಡಿವೆಪ್ಪಜ್ಜನ ಆಶ್ರಮ ನದಿಯ ದಂಡೆಯಲ್ಲಿತ್ತು. ಆಶ್ರಮ ಅಂದರೆ ಒಂದು ತಗಡಿನ ಚಪ್ಪರ, ಒಂದು ಬೇವಿನ ಮರ, ಮರದ ಕೆಳಗೊಂದು ಕಂಬಳಿ.

ಸುತ್ತಲಿನ ಊರುಗಳ ಜನ ನೆಮ್ಮದಿ ಬೇಕಾದಾಗ ಅಲ್ಲಿಗೆ ಬರುತ್ತಿದ್ದರು. ಬಂದವರೆಲ್ಲ ಭಾರ ಹೊರುವವರು. ಅವರ ಮೇಲೆ ಹೇರಿದವರು ಮಾತ್ರ ಅತ್ತ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನೀಲಗಂಗಾ ಬಂದಳು. ಹದಿನೇಳು ವರ್ಷದಿಂದ ಸರಕಾರಿ ಪ್ರಾಥಮಿಕ ಶಾಲೆಯ ಟೀಚರು. ಹುಡುಗಿಯಾಗಿದ್ದಾಗಿನಿಂದ ಅಜ್ಜನ ಶಿಷ್ಯೆ. ನಮಸ್ಕಾರ ಮಾಡಿ ಎದುರಿಗೆ ಕುಳಿತಳು.

“ಅಜ್ಜಾರ, ನನಗ ಸಹನೆ ಕಲಿಸ್ರಿ.”

“ಕಲಿಸಿದ್ನಲ್ಲವಾ. ಅದೇನಾತು?”

“ಮುಗೀತ್ರಿ.”

ನೀಲಗಂಗಾ ಚೀಲದಿಂದ ಒಂದು ಕಾಗದ ತೆಗೆದು ಕೊಟ್ಟಳು. ಮೇಲಿನ ಕಚೇರಿಯಿಂದ ಬಂದ ನೋಟಿಸು. ಒಂದು ದಿನ ಹಾಜರಿ ಪುಸ್ತಕದಲ್ಲಿ ತಪ್ಪು ಬರೆದದ್ದಕ್ಕೆ ಮೂರು ದಿನದೊಳಗೆ ಕಾರಣ ಹೇಳಬೇಕು ಅಂತ ಇತ್ತು.

“ಏನ್ ಬರದಿದ್ದಿ?”

“ಅನ್ಯ ಕಾರ್ಯ ನಿಮಿತ್ತ ಅಂತ ಬರದಿದ್ದೆ.”

“ಹಂಗಂದ್ರ?”

“ಸಮೀಕ್ಷೆಗೆ ಹೋದಾಗ, ಮತದಾರರ ಪಟ್ಟಿ ಹಿಡಕೊಂಡು ಮನಿ ಮನಿ ತಿರುಗಾಕ ಹೋದಾಗ, ತರಬೇತಿಗೆ ಹೋದಾಗ ಹಂಗ ಬರೀತೇವ್ರಿ. ಬ್ಯಾರೆ ಕೆಲಸದ ಮ್ಯಾಲ ಹೋಗ್ಯಾರ ಅಂತ ಅರ್ಥ.”

“ಆ ದಿನ ಯಾವ ಕೆಲಸಕ್ಕ ಹೋಗಿದ್ದಿ?”

ನೀಲಗಂಗಾ ತಲೆ ತಗ್ಗಿಸಿದಳು.

“ಎಲ್ಲೂ ಹೋಗಿರಲಿಲ್ರಿ. ಎರಡು ತಿಂಗಳಾದ ಮ್ಯಾಲ ಅವತ್ತೊಂದ ದಿನ ಮಾಹಿತಿ ಕೇಳೂ ಫೋನ್ ಸುಮ್ಮನಿತ್ತು. ಮುಂಜಾನಿಂದ ಸಂಜಿತನಕ ವರ್ಗದಾಗ ಕುಂತು ಪಾಠ ಮಾಡೀನಿ. ಸಂಜೀಕ ಸಹಿ ಮಾಡಾಕ ಹೋದ್ರ, ಕೈ ತಾನ ಹಂಗ ಬರೀತು. ಪಾಠ ಮಾಡಿದ ದಿನಾನ ಬ್ಯಾರೆ ಕೆಲಸ ಅಂತ ಬರದೇನ್ರಿ.”

ಈ ಕಥೆ ಕೇಳಿದ ಯಾರಾದರೂ ನಕ್ಕರೆ ಹೇಳುವ ನನಗೆ ಮೈ ಉರಿಯುತ್ತದೆ. ನಗುವ ಮಾತಲ್ಲ ಇದು. ಆ ಶಾಲೆಯಲ್ಲಿ ಇದ್ದವಳು ಅವಳೊಬ್ಬಳೇ; ಮುಖ್ಯ ಶಿಕ್ಷಕಿಯೂ ಅವಳೇ, ಐದು ತರಗತಿಗೆ ಟೀಚರೂ ಅವಳೇ, ಮಕ್ಕಳ ಕೈಗೆ ಮೊಟ್ಟೆ ಕೊಟ್ಟು ಫೋಟೋ ಹಿಡಿದು ಕಚೇರಿಗೆ ಕಳಿಸುವವಳೂ ಅವಳೇ. ಒಬ್ಬ ಹೆಂಗಸಿನ ಮೇಲೆ ಇಷ್ಟೆಲ್ಲ ಹೇರಿ, ಅವಳ ಕೈ ಒಮ್ಮೆ ತಪ್ಪಿದ್ದಕ್ಕೆ ಕಾರಣ ಕೇಳುತ್ತಾರೆ. ಕೇಳುವುದಕ್ಕೆ ಬಾಯಾದರೂ ಹೇಗೆ ಬರುತ್ತದೋ.

“ನಾ ಅದಕ್ಕ ಬಂದಿಲ್ರಿ,” ಅಂದಳು ನೀಲಗಂಗಾ. “ಒಂದನೇ ವರ್ಗದ ಹುಡುಗಿ ಒಬ್ಬಾಕಿ ಅದಾಳ, ದ್ಯಾಮವ್ವ ಅಂತ. ಹೋದ ವಾರ ಪಾಟಿ ಮ್ಯಾಲ ಮೊದಲನೇ ಸಲ ತನ್ನ ಹೆಸರು ಬರಕೊಂಡು ಬಂದ್ಳು. ನಾ ಫೋನಿನ್ಯಾಗ ಮಾಹಿತಿ ತುಂಬಾಕತ್ತಿದ್ದೆ. ಆಮ್ಯಾಲ ಅಂದೆ. ಮತ್ತ ಬಂದ್ಳು. ಆಮ್ಯಾಲ ಅಂದೆ. ಮೂರನೇ ಸಲ ಬಂದಾಗ ಜೋರಾಗಿ ಒದರಿದೆ. ಪಾಟಿ ಒರಿಸ್ಕೊಂಡು ಹೋಗಿ ಕುಂತ್ಳು.”

“ಆಮ್ಯಾಲ?”

“ನನಗೇನೂ ಅನ್ನಿಸಲಿಲ್ರಿ. ಅದಕ್ಕ ಹೆದರಿಕಿ ಆಗೇತಿ. ಇದ್ದದ್ದು ಹೇಳ್ತೀನಿ, ಕೆಲಸ ಬಿಡಬೇಕು, ಇಲ್ಲಾ ಕಲ್ಲಾಗಬೇಕು. ಕಲ್ಲಾಗೂದು ಕಲಿಸ್ರಿ.”

“ನಿಮ್ಮ ಸಾಹೇಬ್ರಿಗೆ ಹೇಳಿದಿಯೇನು?”

“ಹೇಳೀನ್ರಿ. ಒತ್ತಡ ತಡಕೊಳ್ಳೂದು ಹೆಂಗಂತ ಎರಡು ದಿನ ತರಬೇತಿಗೆ ಕಳಿಸಿದ್ರು. ಕಣ್ಣು ಮುಚ್ಚಿ ಉಸಿರು ಎಳಕೋರಿ, ಮುಂದ ಒಂದು ಕೆರಿ ಐತಿ ಅಂದ್ಕೋರಿ ಅಂದ್ರು. ಮನಿಗೆ ಬರೂದ್ರಾಗ ಎರಡು ದಿನದ ಮಾಹಿತಿ ಬಾಕಿ ಬಿದ್ದಿತ್ತು.”

ಅಜ್ಜ ಎದ್ದ.

“ಆತು. ಕಣ್ಣು ಮುಚ್ಚಿ ಕುಂದರು. ನಾ ಏನ್ ಮಾಡಿದ್ರೂ ಅಳ್ಳಾಡಬ್ಯಾಡ.”

ನೀಲಗಂಗಾ ಪದ್ಮಾಸನ ಹಾಕಿ ಕಣ್ಣು ಮುಚ್ಚಿದಳು. ಅಜ್ಜ ನದಿಗೆ ಇಳಿದು ಒಂದು ಕಲ್ಲು ತಂದು ಅವಳ ತೊಡೆಯ ಮೇಲಿಟ್ಟ. ಅವಳು ಅಲುಗಲಿಲ್ಲ.

ಇನ್ನೊಂದು ತಂದ. ಅದು ಹಸಿಯಾಗಿತ್ತು, ಸೀರೆ ತೊಯ್ದಿತು. ಅಲುಗಲಿಲ್ಲ.

ಮೂರನೆಯದು, ನಾಲ್ಕನೆಯದು. ಎಪ್ಪತ್ತೆಂಟರ ಮುದುಕ ಏದುಸಿರು ಬಿಡುತ್ತ ತರುತ್ತಲೇ ಇದ್ದ. ಏಳನೆಯ ಕಲ್ಲಿಗೆ ನೀಲಗಂಗಾಳ ಮುಚ್ಚಿದ ಕಣ್ಣಿಂದ ನೀರು ಇಳಿಯತೊಡಗಿತು. ಆದರೂ ಉಸಿರು ಎಳೆದುಕೊಳ್ಳುತ್ತಿದ್ದಳು, ಬಿಡುತ್ತಿದ್ದಳು.

“ಕಾಲು ಹೆಂಗದಾವು?” ಅಜ್ಜ ಕೇಳಿದ.

“ಜೋಮು ಹಿಡದಾವ್ರಿ.”

“ನೋವು?”

“ಮೊದಲು ಇತ್ರಿ. ಈಗ ಏನೂ ಗೊತ್ತಾಗವಲ್ದು.”

“ಹಂಗಾದ್ರ ಸಹನೆ ಬಂತಲ್ಲ. ಯಾಕ ಅಳ್ತೀ?”

ಅವಳು ಇನ್ನೊಂದು ಉಸಿರು ಎಳೆದುಕೊಂಡಳು.

“ಕಲ್ಲು ಇಡಬ್ಯಾಡ್ರಿ ಅಂತ ಯಾಕ ಅನ್ನಲಿಲ್ಲ?”

“ನೀವು ಗುರುಗಳು. ಇದರಾಗ ಏನೋ ಒಂದು ಪಾಠ ಇರಬೇಕು ಅಂತ ಸುಮ್ಮನ ಕುಂತೆ.”

“ಪಾಠ ಏನಿಲ್ಲ,” ಅಂದ ಅಜ್ಜ. “ನಾ ನಿನಗ ಅನ್ಯಾಯ ಮಾಡಾಕತ್ತಿದ್ದೆ.”

ನೀಲಗಂಗಾ ಕಣ್ಣು ಬಿಟ್ಟಳು.

ಅಜ್ಜನ ಮುಖ ಕೆಂಪಾಗಿತ್ತು. ಅಷ್ಟು ವರ್ಷದಲ್ಲಿ ಅವನಿಗೆ ಸಿಟ್ಟು ಬಂದದ್ದನ್ನು ಅವಳು ಕಂಡಿರಲಿಲ್ಲ. ಅವನೇ ಬಾಗಿ ಒಂದೊಂದೇ ಕಲ್ಲು ಎತ್ತಿ ಕೆಳಗೆ ಹಾಕಿದ.

“ಅಜ್ಜಾ, ನಿನ್ನ ತಲಿ ಕೆಟ್ಟೈತೇನು ಅಂತ ಮೊದಲನೇ ಕಲ್ಲಿಗೇ ಕೇಳಬೇಕಿತ್ತು ನೀ. ಕೇಳೂದನ್ನ ನಾ ನಿನಗ ಕಲಿಸಲಿಲ್ಲ. ನಲವತ್ತು ವರ್ಷ ಇಲ್ಲಿ ಕುಂತು ಬಂದವರಿಗೆಲ್ಲ ತಡಕೋರಿ, ತಡಕೋರಿ ಅಂದೆ. ಹೇರೋರಿಗೆ ಇದರಿಂದ ಎಷ್ಟು ಅನುಕೂಲ ಆತು ಅಂತ ಒಂದು ದಿನಾನೂ ವಿಚಾರ ಮಾಡಲಿಲ್ಲ. ನನ್ನ ತಪ್ಪದು.”

“ಹಂಗನ್ನಬ್ಯಾಡ್ರಿ.”

“ಯಾಕನ್ನಬಾರ್ದು? ನಿನ್ನ ಹಂತ್ಯಾಕ ತಾಳ್ಮೆ ಇಲ್ಲ ಅಂತಿ. ಬೇಕಾದಷ್ಟೈತಿ. ಅದನ್ನೆಲ್ಲ ಸಾಹೇಬ್ರಿಗೆ ಕೊಟ್ಟಿ, ಉಳದ ಸಿಟ್ಟು ಆ ಕೂಸಿಗೆ ಕೊಟ್ಟಿ. ಅದಲ ಬದಲ ಮಾಡೀದಿ, ಅಷ್ಟ.”

ನೀಲಗಂಗಾಳಿಗೆ ಆಗ ಅಳು ಒತ್ತರಿಸಿ ಬಂತು. ಸದ್ದು ಮಾಡಿ ಅತ್ತಳು. ಅಜ್ಜ ತಡೆಯಲಿಲ್ಲ.

ಅಳು ನಿಂತ ಮೇಲೆ ಕೇಳಿದ. “ನೋಟಿಸಿಗೆ ಉತ್ತರ ಬರದಿಯೇನು?”

ಅವಳು ಇನ್ನೊಂದು ಕಾಗದ ತೆಗೆದಳು. ‘ಕಣ್ತಪ್ಪಿನಿಂದ ಆದ ಪ್ರಮಾದವನ್ನು ದಯವಿಟ್ಟು ಮನ್ನಿಸಬೇಕಾಗಿ ವಿನಂತಿ’ ಅಂತ ಇತ್ತು. ಕೆಳಗೆ ಸಹಿ ಒಂದು ಬಾಕಿ.

“ಮಾಸ್ತರಿಕಿ ಮಾಡಾಕಿ ನೀ. ಇದರಾಗಿನ ತಪ್ಪು ಹುಡುಕು.”

ಅವಳು ಓದಿದಳು. ಮತ್ತೊಮ್ಮೆ ಓದಿದಳು.

“ಅಕ್ಷರ ಎಲ್ಲಾ ಸರಿ ಅದಾವ್ರಿ.”

“ಎರಡು ತಿಂಗಳಾಗ ಒಂದ ದಿನ ಪಾಠ ಮಾಡಾಕ ಸಿಕ್ಕೈತಿ. ಆ ದಿನ ಬ್ಯಾರೆ ಕೆಲಸ ಅಲ್ದ ಮತ್ತೇನು? ನೀ ಹಾಜರಿ ಪುಸ್ತಕದಾಗ ಬರದದ್ದು ಖರೇ ಐತಿ. ತಪ್ಪಾಗೇತಿ ಅಂತ ಇಲ್ಲಿ ಬರದೀ ನೋಡು, ಅದು ಸುಳ್ಳು.”

ನೀಲಗಂಗಾ ಕಾಲು ಚಾಚಿದಳು. ಕಾಲಿನ ಜೋಮು ಇಳಿಯುತ್ತಿತ್ತು, ಈಗ ನೋವು ಗೊತ್ತಾಗುತ್ತಿತ್ತು. ಕಾಗದವನ್ನು ನಾಲ್ಕು ಚೂರು ಮಾಡಿದಳು. ಚೀಲದಿಂದ ಹೊಸ ಹಾಳೆ ತೆಗೆದು, ತೊಡೆಯ ಮೇಲಿಟ್ಟು ಬರೆದಳು. ಬರೆದದ್ದನ್ನು ಅಜ್ಜನಿಗೆ ಓದಿ ಹೇಳಿದಳು.

‘ಆ ದಿನ ನಾನು ಇಡೀ ದಿನ ಮಕ್ಕಳಿಗೆ ಪಾಠ ಮಾಡಿದೆ. ಕಳೆದ ಎರಡು ತಿಂಗಳಲ್ಲಿ ನನಗೆ ಅದೊಂದೇ ದಿನ ಸಿಕ್ಕಿದ್ದು. ಆದ್ದರಿಂದ ಬರೆದದ್ದು ಸರಿಯಾಗಿದೆ. ಇನ್ನು ಮುಂದೆ ಶಾಲೆಯ ವೇಳೆಯಲ್ಲಿ ನಾನು ಪಾಠವನ್ನೇ ಮಾಡುತ್ತೇನೆ. ಉಳಿದ ಕೆಲಸಕ್ಕೆ ಬೇರೆಯವರನ್ನು ನೇಮಿಸಿ.’

ಕೆಳಗೆ ಸಹಿ ಹಾಕಿದಳು.

“ಅಜ್ಜಾರ, ಇದನ್ನ ಓದಿ ಅವರಿಗೆ ಸಿಟ್ಟು ಬಂದ್ರ?”

“ಬರ್ಲಿ,” ಅಂದ ಅಜ್ಜ. “ತಡಕೊಳ್ಳೂದನ್ನ ಅವರೂ ಒಂದೀಟು ಕಲೀಲಿ.”