ಉಗುರಿನ ಮಣ್ಣು

ಹಾಲಪ್ಪ ಎಂಬ ಶಿಷ್ಯ ಗುರುಗಳನ್ನು ಕೇಳಿದ.

"ಬುದ್ಧಿ, ನನ್ನ ಮನೆಯಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಉಣ್ಣಲು ಇದೆ, ಉಡಲು ಇದೆ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ ನಾನು. ಆದರೂ ಅವಳು ಮಾತು ಬಿಟ್ಟಿದ್ದಾಳೆ. ದಿನದಿನಕ್ಕೆ ಇಳಿದು ಹೋಗುತ್ತಿದ್ದಾಳೆ. ನಾನು ಏನು ಕಡಿಮೆ ಮಾಡಿದೆ?"

ಗುರುಗಳು ಬದನೆ ಗಿಡದ ಬುಡಕ್ಕೆ ತರಗೆಲೆ ಹೊದಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಕೂತುಕೋ" ಎಂದರು. ಹಾಲಪ್ಪ ಅಲ್ಲೇ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ಗಾಣಿಗ ಇದ್ದ. ಎಣ್ಣೆ ತೆಗೆಯುವುದು, ಮಾರುವುದು ಅವನ ಕೆಲಸ. ಅಳತೆಯಲ್ಲಿ ಮೋಸ ಮಾಡಿದವನಲ್ಲ. ಪಾವು ಎಂದರೆ ಪಾವು ತುಂಬಿ ಮೇಲೆ ಒಂದು ತೊಟ್ಟು ಚೆಲ್ಲಬೇಕು. ತುಂಬ ಕೊಟ್ಟರೆ ಕೊಡುವವನ ಕೆಲಸ ಮುಗಿಯಿತು ಎಂದು ಅವನ ಎಣಿಕೆ.

ಅವನ ಹೆಂಡತಿ ಹಿತ್ತಿಲು ಮಾಡಿದ್ದಳು. ಕಾಸು ಕೊಟ್ಟು ಮಾಡಿದ್ದಲ್ಲ. ಅಕ್ಕಿ ತೊಳೆದ ನೀರು ತೊಂಡೆ ಬಳ್ಳಿಗೆ. ಬಚ್ಚಲ ನೀರು ಬಾಳೆಗೆ. ಅವರೆಗೆ ಹೇನು ಹತ್ತಿದರೆ ಒಲೆಯ ಬೂದಿ. ಅದೂ ಇಬ್ಬನಿ ಆರುವ ಮೊದಲೇ ಉದುರಿಸಬೇಕು, ಇಲ್ಲವಾದರೆ ಎಲೆಗೆ ಹಿಡಿಯುವುದಿಲ್ಲ. ತಳ ಸೀಳಿದ ಮಡಕೆಯಲ್ಲಿ ಕೊತ್ತಂಬರಿ. ಗಾಣದ ಸುತ್ತ ಬಿದ್ದ ಹಿಂಡಿಯ ಪುಡಿ ಗುಡಿಸಿ ತಂದು ನೀರಿನಲ್ಲಿ ಕಲಸಿಡುವಳು. ಅದು ಹುಳಿ ಬಂದ ಮೇಲೆ ತೆಳ್ಳಗೆ ಮಾಡಿ ಮೆಣಸಿನ ಗಿಡಕ್ಕೆ. ಬಿಸಾಡುವುದು ಎನ್ನುವ ಮಾತೇ ಆ ಹಿತ್ತಿಲಲ್ಲಿ ಇರಲಿಲ್ಲ.

ಅಡಿಗೆಮನೆಯ ಬಾಗಿಲ ಪಕ್ಕ ಒಂದು ಕರಿಬೇವು. ತವರಿನಿಂದ ಸೆರಗಿನಲ್ಲಿ ಸುತ್ತಿ ತಂದ ಮರಿಗಿಡ. ಮಕ್ಕಳಿರಲಿಲ್ಲ. ಅದನ್ನು ಸಾಕಿದಳು. ಮಜ್ಜಿಗೆ ಪಾತ್ರೆ ತೊಳೆದ ನೀರು ಅದರ ಪಾಲು.

ಗಾಣಿಗನಿಗೆ ಅವಳ ಮೇಲೆ ಇದ್ದದ್ದು ಒಂದೇ ದೂರು. ಬಲಗೈ ತೋರುಬೆರಳಿನ ಉಗುರಿನಲ್ಲಿ ಯಾವಾಗಲೂ ಮಣ್ಣು. ಊಟಕ್ಕೆ ಕೂತಾಗಲೆಲ್ಲ ಅದೇ ಕಣ್ಣಿಗೆ ಬೀಳುವುದು.

"ಇದು ಅನ್ನ ಬಡಿಸುವ ಕೈಯೋ, ಗೆಣಸು ಅಗೆಯುವ ಕೈಯೋ?"

"ಬಡಿಸುವುದು ಸೌಟು. ನನ್ನ ಬೆರಳನ್ನು ಉಣ್ಣಿ ಎಂದು ನಿಮಗೆ ಹೇಳಿದವರು ಯಾರು?"

ಹೇಳಿ ನಗುತ್ತಿದ್ದಳು. ಒಮ್ಮೆ ನೆಂಟರು ಬಂದಿದ್ದರು. ಅವರ ಎದುರಿಗೇ ಗದರಿದ. ಅವಳು ನಗಲಿಲ್ಲ. ಅಂದಿನಿಂದ ಆ ಬೆರಳು ಮಡಚಿಕೊಂಡೇ ಬಡಿಸಿದಳು. ಮಣ್ಣು ಯಾಕೆ ಎಂದು ಅವನು ಕೇಳಲಿಲ್ಲ.

ಒಂದು ಬೆಳಿಗ್ಗೆ ಹಿತ್ತಿಲಿನಿಂದ ಒಳಗೆ ಬಂದವಳು ಒಲೆಯ ಮುಂದೆ ಕುಸಿದಳು. ಮತ್ತೆ ಏಳಲಿಲ್ಲ. ಒಲೆಯ ಮೇಲೆ ಎಸರು ಕುದಿಯುತ್ತಲೇ ಇತ್ತು.

ಹೆಂಗಸರು ಮೈ ತೊಳೆದರು. ಅರಿಸಿನ ಹಚ್ಚಿದರು, ಹೂ ಮುಡಿಸಿದರು. ಗಾಣಿಗ ನೋಡಿದ. ಆ ಉಗುರಿನಲ್ಲಿ ಮಣ್ಣು ಹಾಗೆಯೇ ಇತ್ತು. ನಾಲ್ಕು ಜನ ನೋಡುತ್ತಾರಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಪಕ್ಕದಲ್ಲಿ ಕೂತು, ಬೇವಿನ ಕಡ್ಡಿಯಿಂದ ಮಣ್ಣು ಕೆದಕಿ ತೆಗೆದ. ಪಂಚೆಯ ಅಂಚಿನಿಂದ ಒರೆಸಿದ. ಆಮೇಲೆ ಎತ್ತಿಕೊಂಡು ಹೋದರು.

ಮನೆಯಲ್ಲಿ ಅವಳದೆಂದು ಜೀವಂತ ಉಳಿದದ್ದು ಹಿತ್ತಿಲು ಮಾತ್ರ. ಅದರಲ್ಲೂ ಆ ಕರಿಬೇವು. ಇದೊಂದು ಉಳಿದರೆ ಸಾಕು ಎಂದುಕೊಂಡ.

ಅವಳು ಮಾಡಿದ್ದನ್ನು ಕಂಡಷ್ಟು ಮಾಡಿದ. ಅಕ್ಕಿ ತೊಳೆದ ನೀರು ಚೆಲ್ಲಲಿಲ್ಲ. ಬೂದಿ ಎಸೆಯಲಿಲ್ಲ. ಕರಿಬೇವಿಗೆ ಮಾತ್ರ ಎಣ್ಣೆ ಅಳೆಯುವ ಸೇರನ್ನೇ ಹಿಡಿದ. ಬೆಳಿಗ್ಗೆ ಸೇರು ತುಂಬ ನೀರು, ಸಂಜೆ ಸೇರು ತುಂಬ ನೀರು. ಮಳೆ ಬಂದ ದಿನವೂ ತಪ್ಪಿಸಲಿಲ್ಲ. ತನ್ನ ಊಟ ಬಿಟ್ಟದ್ದುಂಟು, ಅದರ ನೀರು ಬಿಟ್ಟದ್ದಿಲ್ಲ.

ಎಲೆ ಹಳದಿಯಾಯಿತು. ಬಾಯಾರಿರಬೇಕು ಎಂದು ಒಂದು ಸೇರು ಹೆಚ್ಚು ಹಾಕಿದ. ಎಲೆ ಜೋತುಬಿತ್ತು. ಇನ್ನೂ ಒಂದು ಹಾಕಿದ. ಹಿಂಡಿ ನೀರು ಹಾಕಿದ, ಮಜ್ಜಿಗೆ ಹಾಕಿದ. ಮುಟ್ಟಿದರೆ ಎಲೆ ಉದುರತೊಡಗಿತು. ಬುಡದ ಹತ್ತಿರ ಕುಕ್ಕುರುಗಾಲಲ್ಲಿ ಕೂತು, "ಇನ್ನೇನು ಬೇಕು ನಿನಗೆ?" ಎಂದು ಗಿಡವನ್ನೇ ಗದರಿದ.

ಪಕ್ಕದ ಮನೆಯ ಮುದುಕಿ ಒಗ್ಗರಣೆಗೆ ಒಂದು ಎಸಳು ಕರಿಬೇವು ಕೇಳಲು ಬಂದಳು. ಗಿಡ ನೋಡಿ ನಿಂತುಬಿಟ್ಟಳು. ಬಗ್ಗಿದಳು. ಬುಡದ ಮಣ್ಣಿನಲ್ಲಿ ಬೆರಳು ಇಳಿಸಿದಳು. ಹೊರಗೆ ತೆಗೆದಾಗ ಕೊಳೆತ ವಾಸನೆ ಬಂತು.

"ಅಯ್ಯೋ, ಮುಳುಗಿಸಿ ಕೊಂದುಬಿಟ್ಟೆಯಲ್ಲಪ್ಪ ಇದನ್ನ!"

"ನಾನಾ? ಒಂದು ಹೊತ್ತೂ ನೀರು ತಪ್ಪಿಸಿಲ್ಲ ಅಜ್ಜಿ."

"ಅದಕ್ಕೇ ಸತ್ತದ್ದು. ನಿನ್ನ ಹೆಂಡತಿ ದಿನಾ ನೀರು ಹಾಕುತ್ತಿದ್ದಳು ಎಂದು ತಿಳಿದಿದ್ದೀಯಾ? ತಂಬಿಗೆ ತರುತ್ತಿದ್ದಳು, ಬೆರಳು ಚುಚ್ಚಿ ನೋಡುತ್ತಿದ್ದಳು. ಒಳಗೆ ತಣ್ಣಗಿದ್ದರೆ, ನಿನಗೆ ಇವತ್ತು ಬೇಡ ಎಂದು ಗಿಡಕ್ಕೆ ಹೇಳಿ ವಾಪಸು ಹೋಗುತ್ತಿದ್ದಳು. ಒಂದೊಂದು ಗಿಡಕ್ಕೂ ಹಾಗೇ. ಗೋಡೆಯ ಆಚೆಯಿಂದ ನನಗೆ ಕಂಡದ್ದು, ಒಂದೇ ಮನೆಯಲ್ಲಿದ್ದ ನಿನಗೆ ಕಾಣಲಿಲ್ಲವಾ?"

ಗಾಣಿಗ ಗಿಡದ ಬುಡ ನೋಡಿದ. ಆಮೇಲೆ ಕೇಳಿದ.

"ಯಾವ ಬೆರಳು?"

"ಯಾವ ಬೆರಳು ಎಂದರೆ? ಇದು."

ಮುದುಕಿ ತೋರುಬೆರಳು ಎತ್ತಿದಳು. ಉಗುರಿನಲ್ಲಿ ಕಪ್ಪು ಮಣ್ಣು ಮೆತ್ತಿತ್ತು.

ಗಾಣಿಗ ಆ ಉಗುರನ್ನೇ ನೋಡಿದ. ತನ್ನ ಬಲಗೈ ಎತ್ತಿ ನೋಡಿಕೊಂಡ. ಬೇವಿನ ಕಡ್ಡಿ ಹಿಡಿದಿದ್ದ ಕೈ. ಇಷ್ಟು ದಿನ ಗಿಡ ಸಾಕಿದ ಕೈ. ಅದರ ಒಂದು ಉಗುರಿನಲ್ಲೂ ಮಣ್ಣಿರಲಿಲ್ಲ.

"ಏನಾಯಿತಪ್ಪ? ಮುಖ ಯಾಕೆ ಹೀಗಾಯಿತು?" ಎಂದಳು ಮುದುಕಿ.

ಅವನು ಗಿಡವನ್ನು ಹಿಡಿದು ಎಳೆದ. ಜಗ್ಗಲೇ ಬೇಕಾಗಲಿಲ್ಲ, ಕೈಗೆ ಬಂತು. ಬೇರು ನೆನೆದ ಬಟ್ಟೆಯ ಹಾಗೆ ಮೆತ್ತಗಾಗಿತ್ತು. ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ. ಕರೆದರೆ ತಿರುಗಲಿಲ್ಲ. ಅಲುಗಾಡಿಸಿದರೆ ಅಲುಗಲಿಲ್ಲ. ಮುದುಕಿ ಹೆದರಿ, ಜನರನ್ನು ಕರೆಯಲು ಬೀದಿಗೆ ಓಡಿದಳು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಇನ್ನೊಂದು ಬೊಗಸೆ ತರಗೆಲೆ ತೆಗೆದುಕೊಂಡರು.

ಹಾಲಪ್ಪ ಮುಂದಕ್ಕೆ ಸರಿದು ಕೇಳಿದ. "ಬುದ್ಧಿ, ಆಮೇಲೆ ಅವನು ಏನು ಮಾಡಿದ?"

"ಮಾಡಲು ಏನಿತ್ತು? ಯಾರನ್ನು ಕೇಳಬೇಕೆಂದು ಅವನಿಗೆ ಅವತ್ತು ತಿಳಿಯಿತು. ಕೇಳೋಣವೆಂದರೆ ಅವಳಿರಲಿಲ್ಲ."

ಹಾಲಪ್ಪ ತಲೆ ತಗ್ಗಿಸಿದ. ಗುರುಗಳು ತರಗೆಲೆಯನ್ನು ಬುಡಕ್ಕೆ ಇಟ್ಟು, ಕೈ ಕೊಡವಿ, ಮೊದಲ ಸಲ ಅವನ ಮುಖ ನೋಡಿದರು.

"ನಿನ್ನ ಹೆಂಡತಿ ಮನೆಯಲ್ಲೇ ಇದ್ದಾಳೆ, ಅವಳನ್ನು ಬಿಟ್ಟು, ನನ್ನನ್ನು ಕೇಳಲು ಇಷ್ಟು ದೂರ ಯಾಕೆ ಬಂದೆ?"