ಹಾಡುಗಾರ ಮತ್ತು ಮೂರನೆಯ ಸಾಲಿನ ಹೆಂಗಸು

"ಬುದ್ಧಿ, ಜನಕ್ಕೆ ಬೇಕಾದ್ದನ್ನು ಹೇಳಬೇಕೋ, ನನಗೆ ಈಗ ಹೊಳೆಯುತ್ತಿರುವುದನ್ನು ಹೇಳಬೇಕೋ?" ಎಂದು ಶಿಷ್ಯ ಕೇಳಿದ.

ಅವನು ಊರೂರಿಗೆ ಹೋಗಿ ಪ್ರವಚನ ಹೇಳುವವನು. ತಾಯಿಯ ಪ್ರೀತಿಯ ಬಗ್ಗೆ ಅವನು ಹೇಳುತ್ತಿದ್ದ ಒಂದು ಪ್ರವಚನ ಹತ್ತು ವರ್ಷದಿಂದ ಮನೆಮಾತಾಗಿತ್ತು. ಮೊನ್ನೆ ಒಂದು ಊರಿನಲ್ಲಿ ಅದನ್ನು ಬಿಟ್ಟು ಹೊಸದನ್ನು ಎತ್ತಿಕೊಂಡ. ಜನ ಒಬ್ಬೊಬ್ಬರೇ ಎದ್ದು ಹೋದರು. ಅವನೂ ಅರ್ಧಕ್ಕೆ ನಿಲ್ಲಿಸಿ ಬಂದುಬಿಟ್ಟ. ಇನ್ನು ಹೊಸದರ ತಂಟೆಗೆ ಹೋಗುವುದಿಲ್ಲ ಎಂದು ದಾರಿಯಲ್ಲೇ ನಿಶ್ಚಯಿಸಿದ್ದ. ಇದೆಲ್ಲವನ್ನೂ ಗುರುಗಳ ಮುಂದೆ ಹೇಳಿಕೊಂಡ.

ಗುರುಗಳು ನಕ್ಕರು. "ಉತ್ತರವನ್ನು ಜೋಳಿಗೆಯಲ್ಲಿ ಇಟ್ಟುಕೊಂಡೇ ಪ್ರಶ್ನೆ ಕೇಳುತ್ತೀಯಲ್ಲಪ್ಪ! ಇರಲಿ, ಒಂದು ಕತೆ ಕೇಳು" ಎಂದು ಹೇಳತೊಡಗಿದರು.

ಇಂಗ್ಲೆಂಡಿನ ಒಂದು ಬಂದರು ಊರಿನಲ್ಲಿ ಒಬ್ಬ ಹಾಡುಗಾರನಿದ್ದ. ಹಾಡು ಕಟ್ಟುವವನೂ ಅವನೇ, ಗಿಟಾರ್ ನುಡಿಸಿ ಹಾಡುವವನೂ ಅವನೇ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ದೋಣಿಯ ಮೇಲೊಂದು ಹಾಡು ಕಟ್ಟಿದ. ದೇಶವೆಲ್ಲ ಅದನ್ನು ಗುನುಗಿತು. ಹಾಲು ಹಾಕುವವನೂ ಗುನುಗಿದ, ನ್ಯಾಯಾಧೀಶನೂ ಗುನುಗಿದ.

ಅದೊಂದನ್ನೇ ಹಾಡಿಕೊಂಡು ಅವನು ಹಾಯಾಗಿ ಇರಬಹುದಿತ್ತು. ಇರಲಿಲ್ಲ. ಗಿಟಾರ್ ಬದಿಗಿಟ್ಟು ಕಹಳೆಯವರನ್ನು ಕಟ್ಟಿಕೊಂಡು ಕುಣಿತದ ಹಾಡು ಮಾಡಿದ. ಆಮೇಲೆ ನಾಟಕದವರಿಗೆ ಬರೆದ. ಮಗಳು ಹುಟ್ಟಿದಾಗ ಮಕ್ಕಳ ಹಾಡು ಕಟ್ಟಿದ. ಹೆಂಡತಿ ತೀರಿಕೊಂಡ ಮೇಲೆ ಎರಡು ವರ್ಷ ಮಾತಿಲ್ಲದೆ ಬರೀ ಪಿಯಾನೊ ನುಡಿಸಿದ. ಅರವತ್ತು ದಾಟಿದ ಮೇಲೆ ಚರ್ಚಿನ ಮೇಳದವರ ಜೊತೆ ನಿಂತು ಹಾಡಿದ. ಹೀಗೆ ಹೊಸ ದಾರಿಗೆ ಹೊರಳಿದಾಗಲೆಲ್ಲ ಸಭೆ ಅರ್ಧ ಖಾಲಿಯಾಗುತ್ತಿತ್ತು. ಇವನ ಕತೆ ಮುಗಿಯಿತು ಎಂದು ಪತ್ರಿಕೆಯವರು ನಾಲ್ಕು ಸಲ ಬರೆದರು. ಮೂರು ಸಲ ಅವನು ನಕ್ಕನಂತೆ. ಮೊದಲ ಸಲ ಮಾತ್ರ ಅತ್ತಿದ್ದನಂತೆ.

ಆ ದೇಶದಲ್ಲಿ ಒಂದು ಪದ್ಧತಿ ಇದೆ. ಕಛೇರಿ ಮುಗಿಸಿ ಹಾಡುಗಾರ ಒಳಗೆ ಹೋದರೂ ಜನ ಬಿಡುವುದಿಲ್ಲ. ಚಪ್ಪಾಳೆ ತಟ್ಟಿ ತಟ್ಟಿ ಮತ್ತೆ ಕರೆಯುತ್ತಾರೆ. ಅವನು ಬಂದು ಇನ್ನೊಂದು ಹಾಡುತ್ತಾನೆ. ಎಲ್ಲರೂ ತಮ್ಮ ಹೆಸರಾದ ಹಾಡನ್ನು ಅದಕ್ಕೆಂದೇ ಉಳಿಸಿಕೊಳ್ಳುತ್ತಾರೆ. ಇವನು ಮಾತ್ರ ಆ ವರ್ಷದ ಹೊಸ ಹಾಡನ್ನು ಹಾಡುತ್ತಿದ್ದ. ಅದು ಇನ್ನೂ ಪೂರ್ತಿಯಾಗಿರದಿದ್ದರೂ ಹಾಡುತ್ತಿದ್ದ.

ಅದೇ ಊರಿನಲ್ಲಿ ಮನೆಮನೆಗೆ ಅಂಚೆ ಹಂಚುವ ಒಬ್ಬ ಹೆಂಗಸಿದ್ದಳು. ಅವನು ವರ್ಷಕ್ಕೊಮ್ಮೆ ಊರಿಗೆ ಬಂದು ಹಾಡಿದಾಗಲೆಲ್ಲ ಮೂರನೆಯ ಸಾಲಿನಲ್ಲಿ ಬಂದು ಕೂರುತ್ತಿದ್ದಳು. ಐವತ್ತು ವರ್ಷ ಒಂದು ಸಲವೂ ತಪ್ಪಿಸಲಿಲ್ಲ. ಪಾಪ, ದೋಣಿ ಹಾಡಿಗೆ ಕಾಯುತ್ತಿದ್ದಾಳೆ ಎಂದು ಅವನು ಅಂದುಕೊಂಡಿದ್ದ.

ಎಪ್ಪತ್ತೆರಡಕ್ಕೆ ಅವನ ಗಂಟಲು ಕೈಕೊಟ್ಟಿತು. ಒಂದು ಭಾನುವಾರ ಮಧ್ಯಾಹ್ನ ಸ್ವಂತ ಊರಿನಲ್ಲೇ ಕೊನೆಯ ಕಛೇರಿ ಇಟ್ಟುಕೊಂಡ. ಆ ವರ್ಷವೂ ಹೊಸದೊಂದು ಹಾಡು ಕಟ್ಟಿದ್ದ. ಆದರೆ ಒಡೆದ ದನಿಯಲ್ಲಿ ಅದನ್ನು ಹಾಡಲು ಹೆದರಿದ. ಹೆದರಿದವನಿಗೆ ಆ ಹೆಂಗಸಿನ ನೆಪ ಸಿಕ್ಕಿತು. ಜನ ಮತ್ತೆ ಕರೆದಾಗ ಬಂದು ದೋಣಿ ಹಾಡನ್ನು ಎತ್ತಿಕೊಂಡ. ಸಭೆಗೆ ಸಭೆಯೇ ಎದ್ದು ನಿಂತಿತು. ಅವಳೂ ಎದ್ದಳು. ಎದ್ದವಳು ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗಿಬಿಟ್ಟಳು.

ಅವನಿಗೆ ತಡೆಯಲಾಗಲಿಲ್ಲ. ಹಾಡು ಮುಗಿಸಿದವನೇ ಅವಳನ್ನು ಹುಡುಕಿಕೊಂಡು ಬಸ್ ನಿಲ್ದಾಣಕ್ಕೆ ಬಂದ.

"ತಾಯೀ, ನಿಮಗೋಸ್ಕರ ಹಾಡಿದೆ. ನೀವೇ ಎದ್ದು ಬಂದಿರಲ್ಲ?"

"ಅಯ್ಯೋ, ಅದು ನನಗೆ ಬಾಯಿಪಾಠ. ಪಾತ್ರೆ ತೊಳೆಯುವಾಗ ನಾನೇ ಹಾಡಿಕೊಳ್ಳುತ್ತೇನೆ. ನಾನು ಬರುತ್ತಿದ್ದದ್ದು ಈ ವರ್ಷ ನೀವು ಹೇಗಿದ್ದೀರಿ ಅಂತ ತಿಳಿದುಕೊಳ್ಳಲಿಕ್ಕೆ. ಅದು ನಿಮ್ಮ ಹೊಸ ಹಾಡಿನಲ್ಲಿ ಗೊತ್ತಾಗುತ್ತಿತ್ತು."

ಹಾಡುಗಾರ ಅಲ್ಲೇ ಬೆಂಚಿನ ಮೇಲೆ ಕೂತ. ಹೊಸ ಹಾಡನ್ನು ಹಾಡಿದ. ಎರಡು ಕಡೆ ದನಿ ಒಡೆಯಿತು, ಒಂದು ಸಾಲು ಮರೆತೇಹೋಯಿತು. ನಡುವೆ ಬಸ್ಸು ಬಂತು. ಅವಳು ಕೈಯಾಡಿಸಿ ಅದನ್ನು ಮುಂದೆ ಕಳಿಸಿ, ಹಾಡು ಮುಗಿಯುವವರೆಗೂ ಕೇಳಿದಳು.

ಕತೆ ಅಲ್ಲಿಗೆ ನಿಂತಿತು. "ಬುದ್ಧಿ, ಆ ಹಾಡುಗಾರ ಪುಣ್ಯವಂತ. ಅಂಥ ಒಬ್ಬರು ಕೇಳುಗರು ನನಗೆಲ್ಲಿ ಸಿಗಬೇಕು?" ಎಂದ ಶಿಷ್ಯ.

ಗುರುಗಳು ತಮ್ಮ ಪೀಠದಿಂದ ಇಳಿದರು. ಬಂದು ಅವನೆದುರು ಚಾಪೆಯ ಮೇಲೆ ಕಾಲು ಮಡಚಿ ಕೂತರು.

"ಅರ್ಧಕ್ಕೆ ನಿಲ್ಲಿಸಿ ಬಂದೆಯಲ್ಲ, ಅದನ್ನು ನಾನಿನ್ನೂ ಕೇಳಿಲ್ಲಪ್ಪ."